ರಕ್ಕಸನ ಅಳತೆ

ಅಪ್ಪನ ಅಳತೆ ಪುಸ್ತಕದಲ್ಲಿ, ಎಂಬತ್ತಮೂರರ ಪುಟ,
ಶಾಲೆ ಮಾಸ್ತರರ ಸಫಾರಿಗೂ
ಯಾರದೋ ಮದುವೆಯ ಕೋಟಿಗೂ ನಡುವೆ
ಪೆನ್ಸಿಲ್ಲಿನ ಒಂದು ಸಾಲು:
ರಕ್ಕಸ. ಎದೆ ಐವತ್ತೆರಡು. ತೋಳು, ಉಗುರು ಬಿಟ್ಟು, ಮೂವತ್ತು.
ಬಾಲ, ಗಿರಾಕಿಯನ್ನು ಕೇಳಿ.

ಗಿರಾಕಿ ಎಂದರೆ ಪಂಪ್‌ಸೆಟ್ ರಿಪೇರಿ ಕೊಟ್ರೇಶಿ,
ಮೋಟಾರು ಸುತ್ತಿ ಸುತ್ತಿ ಕೂಡಿಟ್ಟಿದ್ದನ್ನೆಲ್ಲ
ಒಂದು ಸಿನಿಮಾಕ್ಕೆ ಸುರಿಯಲು ಹೊರಟವನು.
"ವಿಠೋಬಣ್ಣ, ನೋಡಿದೋರು ಉಚ್ಚೆ ಹೊಯ್ಕೋಬೇಕು, ಹಂಗ ಹೊಲಿ."
ಅಪ್ಪ ಕನ್ನಡಕ ಒರೆಸಿಕೊಂಡು ಕೇಳಿದ:
"ಜೇಬು ಬೇಕಾ?"

ಬೇಕು ಅಂದ ಚಮನ್‌ಸಾಬ್, ಬೀಡಿಗೆ.
ಮಂಡಕ್ಕಿ ಭಟ್ಟಿಯಲ್ಲಿ ಹದಿನೈದು ವರ್ಷ ಬೆಂದವನು,
ರಕ್ಕಸನಾಗಲು ಅದೇ ಅವನ ಅರ್ಹತೆ.
ಬೇರೆ ಯಾರು ತಡೆದಾರು ಆ ಧಗೆ:
ಬಸ್ಸಿನ ಸೀಟಿನ ಹಳೇ ರೆಗ್ಜಿನ್ನಿನ ಚರ್ಮ,
ಒಳಗೆ ಗಿರಣಿಯ ಹತ್ತಿ ವೇಸ್ಟು ಎರಡು ಮೂಟೆ,
ಬೆನ್ನಿಗೆ ಸೈಕಲ್ ಟ್ಯೂಬಿನ ಮುಳ್ಳು, ಕಣ್ಣಿಗೆ ಸ್ಕೂಟರಿನ ಇಂಡಿಕೇಟರು.
ನಾನು, ಕಾಜಾ ಹೊಲಿಯುತ್ತಿದ್ದ ಹನ್ನೊಂದರ ಹುಡುಗಿ,
ಥರ್ಮೋಕೋಲಿನಲ್ಲಿ ಹಲ್ಲು ಕತ್ತರಿಸಿದೆ.
ಒಂದು ಸೊಟ್ಟ. ಕನ್ನಡಿಯಲ್ಲಿ ನನ್ನದೇ ನೋಡಿ ಮಾಡಿದ್ದು.

ಲಾರಿ ಹತ್ತಿ ದುರ್ಗಕ್ಕೆ ಹೋದರು.
ಚಂದ್ರವಳ್ಳಿಯ ಬಂಡೆಗಳ ನಡುವೆ
ಮಂಜು ಬೇಕೆಂದು ಒದ್ದೆ ಹೊಟ್ಟು ಹೊತ್ತಿಸಿದರೆ
ಕ್ಯಾಮೆರಾದವನೇ ಕೆಮ್ಮಿದ.
ಮೂರನೇ ರೀಲಿನಲ್ಲಿ ಆ ಕೆಮ್ಮು ಈಗಲೂ ಇದೆ.
ಬಂಡೆಗಳು ಮಾತ್ರ ಚೆನ್ನಾಗಿ ನಟಿಸಿದವು.

ದಾವಣಗೆರೆಯಲ್ಲಿ ಓಡಿದ್ದು ನಾಲ್ಕೇ ದಿನ.
ಮೊದಲ ಆಟ, ಪೇಪರ್ ಪೊಟ್ಟಣದಲ್ಲಿ ಮಿರ್ಚಿ ಮಂಡಕ್ಕಿ,
ಪರದೆ ಮೇಲೆ ರಕ್ಕಸ ತಿರುಗಿದ.
ಕುತ್ತಿಗೆಯಿಂದ ಸೊಂಟದ ತನಕ
ಹಿತ್ತಾಳೆ ಜಿಪ್ಪು, ಫಳಫಳ.
"ಜಿಪ್ಪೋ!" ಎಂದಿತು ಬೆಂಚು. ಟಾಕೀಸು ತುಂಬ ಸಿಳ್ಳೆ.
ಕೊಟ್ರೇಶಿ ಗೋಡೆಗೆ ಮುಖ ಮಾಡಿ ನಿಂತ.
ಅಪ್ಪ ನನ್ನ ಕಿವಿಯಲ್ಲಿ:
"ನೋಡಿದ್ಯಾ, ಎಲ್ಲೂ ಸಿಕ್ಕೊಂಡಿಲ್ಲ. ಬೊಂಬಾಯಿ ಮಾಲು."

ಮರುದಿನ, ನಕ್ಕವರೇ ಹೆಂಡಿರು ಮಕ್ಕಳನ್ನು ಕರಕೊಂಡು ಬಂದರು.
ನಡುರಾತ್ರಿಯ ಸೀನು, ಹಿಂದೆ ಸುಡು ಬಿಸಿಲು,
ರಕ್ಕಸನ ಕೈಗಡಿಯಾರದಲ್ಲಿ ಹನ್ನೊಂದೂ ಕಾಲು.
"ಭಟ್ಟಿಗೆ ಹೊತ್ತಾತು ಚಮನಣ್ಣ!" ಯಾರೋ ಕೂಗಿದರು.
ಬೆಂಚಿನಲ್ಲಿ ಕೂತಿದ್ದ ಚಮನ್‌ಸಾಬ್ ಎದ್ದು
ಪರದೆಗೊಮ್ಮೆ, ಜನಕ್ಕೊಮ್ಮೆ ಸಲಾಮು ಹೊಡೆದ.

ಒಂದು ಜಾಗದಲ್ಲಿ ಯಾರೂ ನಗಲಿಲ್ಲ.
ಪಂಕಜಾಕ್ಷಿಯನ್ನು ಹೊತ್ತು ಬಂಡೆಯ ತುದಿಗೆ ಬಂದ ರಕ್ಕಸ
ಎಸೆಯಬೇಕಿತ್ತು.
ಎಸೆಯಲಿಲ್ಲ.
ಬಗ್ಗಿ, ಒಲೆಯಿಂದ ಹಾಲು ಇಳಿಸಿದ ಹಾಗೆ,
ಮೆಲ್ಲಗೆ ಕೆಳಗಿಟ್ಟ.
ಒಂದು ಕೈಯಿಂದ ತನ್ನದೇ ಕಂಕುಳು ಒತ್ತಿ ಹಿಡಿದು ನಿಂತ.
ನನ್ನ ಹಿಂದಿನ ಸಾಲಿನ ಮುದುಕಿ
"ಪಾಪ, ಅದಕ್ಕೂ ಜೀವ ಐತಲ್ಲ" ಅಂದಳು.

ಹೊಲಿಗೆ ಬಿಟ್ಟಿತ್ತು, ಅಷ್ಟೇ.
ಇನ್ನೊಂದು ಇಂಚು ಕೈ ಎತ್ತಿದ್ದರೆ ಹತ್ತಿಯೆಲ್ಲ ಹೊರಗೆ.
ಜೋಡಿ ಹೊಲಿಗೆ ಹಾಕದ ಆ ಒಂದು ಜಾಗಕ್ಕೆ
ಅಪ್ಪ ಸಾಯುವ ತನಕ ಮರುಗಿದ.
ಆ ಕಂಕುಳು ನನ್ನ ಪಾಲಿನದೆಂದು
ಅವನಿಗೆ ನೆನಪಿರಲಿಲ್ಲ. ನಾನೂ ನೆನಪಿಸಲಿಲ್ಲ.

ಈಗ ತಂಗಿಯ ಮೊಮ್ಮಕ್ಕಳು
ಗೀರು ಬಿದ್ದ ಆ ಪ್ರಿಂಟನ್ನು ಫೋನಿನಲ್ಲಿ ಹಾಕಿಕೊಂಡು
ಹೊಟ್ಟೆ ಹಿಡಿದು ಹೊರಳುತ್ತವೆ.
ನಗಲಿ. ನಾನೂ ನಗುತ್ತೇನೆ, ಜಿಪ್ಪು ಬಂದಾಗ ಎಲ್ಲರಿಗಿಂತ ಮೊದಲು.
ಅವರ ರಕ್ಕಸರಿಗೋ
ಒಂದೊಂದು ರೋಮವೂ ಗಾಳಿಗೆ ಅಲ್ಲಾಡುತ್ತದೆ,
ಬೆವರುವುದಿಲ್ಲ,
ಸೀನು ಮುಗಿದ ಮೇಲೆ ಒಳಗಿಂದ ಯಾರೂ
ನೀರು ಕೊಡ್ರೋ ಅನ್ನುವುದಿಲ್ಲ.

ಆ ವೇಷ ಬಹಳ ಕಾಲ ಅಂಗಡಿಯ ಅಟ್ಟದಲ್ಲಿತ್ತು.
ಅದರ ಹೊಟ್ಟೆಯಲ್ಲಿ ಬೆಕ್ಕು ಮೂರು ಸಲ ಮರಿ ಹಾಕಿತು.
ಪುಸ್ತಕದಲ್ಲಿ ಮುಂಗಡ ನೂರು, ಬಾಕಿ ನೂರ ಎಪ್ಪತ್ತೈದು.
ಕೊಟ್ರೇಶಿ ಕೊಡಲಿಲ್ಲ, ಅಪ್ಪ ಕೇಳಲಿಲ್ಲ,
ನಮ್ಮ ಮನೆಯ ಮೋಟಾರು ಮಾತ್ರ
ಎಷ್ಟು ಸಲ ಸುಟ್ಟರೂ ಪುಕ್ಕಟೆ ಸುತ್ತಿಕೊಟ್ಟ.

ಬಾಲದ ಅಳತೆ ಕೊನೆಗೂ ಬರೆದಿಲ್ಲ.
ಇಂಟರ್‌ವಲ್ಲಿನ ತನಕ ರಕ್ಕಸನಿಗೆ ಬಾಲವಿಲ್ಲ,
ಆಮೇಲೆ ಇದೆ.
ಮಧ್ಯೆ ಬೆಳೆದಿರಬೇಕು, ನಾವೆಲ್ಲ
ಶೇಂಗಾ ತರಲು ಹೊರಗೆ ಹೋಗಿದ್ದಾಗ.