ಬೆಳ್ಳುಳ್ಳಿ

ರೆಡ್‌ಹಿಲ್ಲಿನ ಕಣ್ಣಾಸ್ಪತ್ರೆಯಲ್ಲಿ ನನ್ನ ಕೆಲಸ
ಹನಿ ಬಿಡುವುದು, ಇಪ್ಪತ್ತು ನಿಮಿಷ ಕಾಯಿಸುವುದು.
ಆವತ್ತು ಕಾಯುತ್ತಿದ್ದವರು ಬೆರಿಲ್ ಪಾಸ್ಕೋ,
ಎಂಬತ್ತನಾಲ್ಕು, ಎರಡೂ ಕಣ್ಣಿಗೆ ಪೊರೆ.
ಮೇಜಿನ ಮೇಲೆ ನನ್ನ ಫೋನು ಮಿನುಗಿತು, ಮನೆಯಿಂದ:
ಬರುವಾಗ ಬೇಳೆ, ಹಾಲು, ಬೆಳ್ಳುಳ್ಳಿ.

ಆಕೆ ಬಗ್ಗಿ, ಮೂಗು ತಾಗುವಷ್ಟು ಬಗ್ಗಿ,
"ಅರೆ, ನನ್ನ ಟೋಪಿಗಳು!"

ತಲೆಕಟ್ಟಿಗೆ ಟೋಪಿ ಅನ್ನುತ್ತಿದ್ದರಂತೆ ಅವರು,
ಹದಿನೆಂಟರ ಹುಡುಗಿಯರು, ಸಾಲು ಮೇಜು,
ಉತ್ತರದ ಕಿಟಕಿ, ಮುಳ್ಳಿನ ಮೊನೆಯ ಪೆನ್ಸಿಲ್ಲು.
ಅಚ್ಚಿನ ಯಂತ್ರದ ಕಾರ್ಖಾನೆಗೆ ಅಕ್ಷರ ಬರೆದುಕೊಡುವುದು,
ಒಂದೊಂದೂ ಗೇಣುದ್ದ,
ಕೂದಲೆಳೆ ಆಚೀಚೆಯಾದರೆ ವಾಪಸ್ಸು.
ಓದಲು ಬಾರದು, ಹೆಸರೂ ತಿಳಿಯದು,
ಠ ಅಂದರೆ ಹೊಕ್ಕುಳು, ಕೊಂಬು ಬೆಕ್ಕಿನ ಬಾಲ,
ಉಳಿದದ್ದಕ್ಕೆ ನಂಬರು.

"ನೂರ ಹನ್ನೆರಡು ಮಾತ್ರ ನನ್ನ ಬಿಡಲಿಲ್ಲ."
ಳಕಾರದ ಒತ್ತು.
ಹಡಗಿನಲ್ಲಿ ಹೋಗಿ ಹಡಗಿನಲ್ಲಿ ಬರುತ್ತಿತ್ತು ಕರಡು,
ಬೆಂಗಳೂರಿನ ಯಾರೋ ಕೆಂಪು ಶಾಯಿಯಲ್ಲಿ
ಅಂಚಿಗೆ ಬರೆದ ಒಂದೇ ಸಾಲು ಹೊತ್ತು:
ಮರಿ ಮಲಗಿದೆ, ದಯವಿಟ್ಟು ಎಬ್ಬಿಸಿ.
ಎಬ್ಬಿಸಿ ಕಳಿಸಿದರು. ಹತ್ತು ವಾರ.
ಈಗ ನಿಂತೇಬಿಟ್ಟಿದೆ, ಕೂರಿಸಿ.
ಅಷ್ಟರಲ್ಲಿ ಆಕೆಗೆ ನಿಶ್ಚಿತಾರ್ಥವಾಗಿ, ಮುರಿದು,
ಮೂರನೆಯ ಸಲಕ್ಕೆ ಮರಿ ಕೂತಿತು.
ಆಮೇಲೊಂದು ದಿನ ಕಾರ್ಖಾನೆಯೇ ಎದ್ದುಹೋಯಿತು.

ನಾನು ಎರಡು ಬೆರಳಿಟ್ಟು ಹಿಗ್ಗಿಸಿದೆ.
ಬೇಳೆ ಅಂಚಿಂದಾಚೆ ಜಾರಿತು, ಹಾಲೂ.
ಪರದೆ ತುಂಬ ಒಂದೇ ಒಂದು ಳ್ಳಿ,
ಗೇಣಿಗೆ ತುಸು ಕಡಿಮೆ.
ಹನಿ ಹಿಗ್ಗಿಸಿದ ಪಾಪೆ, ನಾನು ಹಿಗ್ಗಿಸಿದ ಅಕ್ಷರ,
ನಡುವೆ ಪೊರೆ.

"ಇದು ನನ್ನದಲ್ಲ. ಸುಳಿ ಬೇರೆ. ಯಾರ ಕೈ?"
ಗೊತ್ತಿಲ್ಲ ಅಂದೆ. ಯಾರದಾದರೂ ಇದ್ದೀತು.
"ಓದು."
ಬೆಳ್ಳುಳ್ಳಿ.
"ಇನ್ನೊಮ್ಮೆ."
ನಾಲಗೆ ಮಡಚಿ ತೋರಿಸಿದೆ,
ಅವರಿಗೆ ಹಲ್ಲುಸೆಟ್ಟು ಅಡ್ಡ ಬಂತು.
"ಅರ್ಥ?"
ಹೇಳಿದೆ.

"ಅಷ್ಟು ಸತಾಯಿಸಿದ್ದಕ್ಕೆ
ದೇವರ ಹೆಸರಿಗೇ ಬೇಕೇನೋ ಅಂದುಕೊಂಡಿದ್ದೆ,
ಅರವತ್ತಾರು ವರ್ಷ!"
ನಕ್ಕು ನಕ್ಕು ನಾನು ಬಿಟ್ಟ ಹನಿಯನ್ನೆಲ್ಲ
ಕೆನ್ನೆಗೆ ಇಳಿಸಿಕೊಂಡರು. ಮತ್ತೆ ಬಿಡಬೇಕಾಯಿತು.
ಸುಳಿಯ ಮೇಲೊಮ್ಮೆ ಬೆರಳಾಡಿಸಿದರು,
ಅಕ್ಷರ ಬೆರಳಡಿಯಿಂದ ಸರ್ರನೆ ಓಡಿತು.
"ಸೀಸ ಹೀಗೆ ಓಡುತ್ತಿರಲಿಲ್ಲ."
ಅಷ್ಟರಲ್ಲಿ ಡಾಕ್ಟರು ಕರೆದರು.

ಸಂಜೆ ಬಸ್ ಸ್ಟಾಪು, ಚಳಿ.
ನಾನೀಗ ಬರೆಯುವುದಿಲ್ಲ, ಫೋನಿಗೆ ಹೇಳುತ್ತೇನೆ,
ಅದು ಬರೆದುಕೊಳ್ಳುತ್ತದೆ.
ಬೇಳೆ ಸಿಕ್ಕಿತು, ಹಾಲು ಸಿಕ್ಕಿತು, ಬೆಳ್ಳುಳ್ಳಿ ನಾಳೆ, ಅಂದೆ.
ಬೆಳ್ಳುಳಿ, ಎಂದು ಬರೆಯಿತು.
ಬೇರೆ ದಿನವಾದರೆ ಹಾಗೇ ಕಳಿಸುತ್ತಿದ್ದೆ,
ಅರ್ಥವಾಗುತ್ತದಲ್ಲ.
ಬಸ್ಸು ಬಂದು ಬಾಗಿಲು ತೆರೆದು ನಿಂತಿತ್ತು.
ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ಮರಿಯನ್ನು ಹುಡುಕಿ ತಂದು
ಕೂರಿಸಿದೆ.