ಏಳು ಗೂಟ

ಹಾಸನದ ಪೆನ್ಶನ್ ಮೊಹಲ್ಲಾ, ಎರಡನೇ ಮಹಡಿ.
ಡೇರೆ ಒಣಗುತ್ತಿದೆ ನನ್ನ ಹಾಲಿನಲ್ಲಿ:
ಒಂದು ಕಿವಿ ಕಿಟಕಿಯ ಸರಳಿಗೆ,
ಇನ್ನೊಂದು ಬೀರುವಿನ ಹಿಡಿಗೆ,
ನಡುಬೆನ್ನು ಫ್ಯಾನಿನ ರೆಕ್ಕೆಗೆ.
ಹಾಗಾಗಿ ಫ್ಯಾನು ಹಾಕುವಂತಿಲ್ಲ.
ಒಣಗಬೇಕಾದ್ದೇ
ಒಣಗಿಸುವವನ ಕೈ ಕಟ್ಟಿಹಾಕಿದೆ.

ಕೆಳಗೆ ಬಕೆಟ್ಟು.
ಇಪ್ಪತ್ತೆರಡು ವರ್ಷದ ಅಭ್ಯಾಸ, ಬಿಡುವುದಿಲ್ಲ,
ಗಡಿಯಾರ ನೋಡುತ್ತ ಎಣಿಸುತ್ತೇನೆ:
ನಿಮಿಷಕ್ಕೆ ಮೂವತ್ತು ಹನಿ.
ವಾರ್ಡಿನಲ್ಲಾದರೆ ಚಕ್ರ ಒತ್ತಿ ತಗ್ಗಿಸಬಹುದಿತ್ತು.
ಬೆಳಗಿನ ಜಾವಕ್ಕೆ ಹನ್ನೆರಡು.
ನಾಲ್ಕೂವರೆಗೆ ಎದ್ದು ಬಕೆಟ್ಟು ಚೆಲ್ಲಿ ಬಂದೆ,
ಇನ್ನೇನು, ಚೀಟಿಯಲ್ಲಿ ಬರೆಯುವುದೊಂದು ಬಾಕಿ.

ಮೂರು ವರ್ಷಕ್ಕೆ ಕೂಡಿಬಂದ ಒಂದು ರಜೆ,
ನನಗೂ ಫಿಲೋಮಿನಾಗೂ ಒಟ್ಟಿಗೆ.
ಸಕಲೇಶಪುರದಾಚೆ ಒಂದು ಗುಡ್ಡ.
ಮಳೆ ಬಂತು ಅಂದರೆ ಸರಿಯಾಗುವುದಿಲ್ಲ,
ಗುಡ್ಡವೇ ಮೋಡದ ಹೊಟ್ಟೆಯಲ್ಲಿತ್ತು
ನಾವು ಗುಡ್ಡದ ಮೇಲಿದ್ದೆವು, ಅಷ್ಟೆ.
ರಾತ್ರಿ ಎರಡೂವರೆಗೆ ಒಂದು ಗೂಟ ಕಿತ್ತಿತು.
ಮಲಗಿದ್ದವಳು ಎದ್ದು ಕೂತು
ನಡುಗೋಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.
ಹಳೆಯ ವಾರ್ಡಿನಲ್ಲಿ ಸ್ಟ್ಯಾಂಡು ಸಾಲದ ದಿನಗಳಲ್ಲಿ
ಹೀಗೇ ಬಾಟಲಿ ಹಿಡಿದು ನಿಲ್ಲುತ್ತಿದ್ದೆವು
ಒಬ್ಬರ ಕೈ ಸೋತರೆ ಇನ್ನೊಬ್ಬರು.
ಆವತ್ತು ಮಾತ್ರ ಅವಳು ಕೈ ಬದಲಿಸಲು ಬಿಡಲಿಲ್ಲ.
ಎರಡು ಸುತ್ತು ಜಪಮಾಲೆ,
ಆಮೇಲೆ ಬೆಳಗಾಗುವವರೆಗೂ
ಮೇಟ್ರನ್ ಬಗ್ಗೆ ಚಾಡಿ.

ಬೂಟಿನೊಳಗೆ ಪತ್ರಿಕೆ ತುರುಕಿದ್ದೇನೆ,
ಆಲೂಗಡ್ಡೆಯ ದರ ಒದ್ದೆಯಾಗಿ ಉಬ್ಬಿದೆ.
ಒಲೆ, ತಟ್ಟೆ, ಹಗ್ಗ, ಟಾರ್ಚಿನ ಮೂರು ಸೆಲ್ಲು
ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಬಿಸಿಲು ಕಾಯುತ್ತಿವೆ.
ಬಿಸಿಲು ಬಂದರೂ ಹತ್ತು ನಿಮಿಷ.
ಡೇರೆ ಹೊತ್ತು ತಾರಸಿಗೆ ಓಡಿದೆ,
ಹರಡುವಷ್ಟರಲ್ಲಿ ಮುಗಿಲು, ಮತ್ತೆ ಇಳಿಸಿದೆ.
ಮೆಟ್ಟಿಲಲ್ಲಿ ಓನರ್ ಪುಟ್ಟಲಕ್ಷ್ಮಮ್ಮ:
“ಶಾಮಿಯಾನ ಹಾಕಿಸ್ತಿದ್ದೀಯಲ್ಲ, ಯಾರ ಮದುವೆ?”
“ಆಗಿ ಮುಗೀತು ಬಿಡಿ” ಅಂದೆ.

ಹೊಲಿಗೆಯ ಸಂದಿಯಿಂದ ಒಂದು ಉಂಬಳ ಇಳಿಯಿತು
ಉಂಡು ದಪ್ಪಗಾಗಿ, ಅವಸರವೇ ಇಲ್ಲದೆ,
ಹಾಲಿನ ರೆಡ್ ಆಕ್ಸೈಡ್ ನೆಲದ ಮೇಲೆ
ಅಳತೆ ತೆಗೆಯುವ ದರ್ಜಿಯ ಹಾಗೆ.
ಉಪ್ಪು ಹಾಕಲು ಕೈ ಹೋಯಿತು. ತಡೆದೆ.
ಅದರ ಹೊಟ್ಟೆಯಲ್ಲಿರುವುದು ನನ್ನದೋ, ಅವಳದೋ?
ನಾನು ಬಿ ಪಾಸಿಟಿವ್, ಅವಳು ಓ ನೆಗೆಟಿವ್;
ಹೊಂದಿಸಿ ನೋಡದೆಯೇ ಕುಡಿದು, ಬದುಕಿದೆ.
ಕಾಗದದ ಮೇಲೆ ಹತ್ತಿಸಿಕೊಂಡು ಕೆಳಗಿಳಿದು
ಸಂಪಿನ ಪಕ್ಕದ ಹಸಿಮಣ್ಣಿಗೆ ಬಿಟ್ಟುಬಂದೆ.

ಮಲಗುವ ಚೀಲ ಮಾತ್ರ ಒಣಗಲೊಲ್ಲದು.
ಒಳಗಿನ ಹತ್ತಿ ಮುದ್ದೆಮುದ್ದೆ,
ಹಿಂಡಿದರೆ ಇನ್ನೂ ಗುಡ್ಡ ಇಳಿಯುತ್ತದೆ.
ಕೊನೆಗೆ ಬೀದಿ ತಿರುವಿನ ಸಂಪತ್ತಣ್ಣನೇ ಗತಿ:
ಬೇಕರಿಯ ಹಿಂಗೋಡೆ, ಅತ್ತ ಒಲೆ, ಇತ್ತ ಮೊಳೆ.
“ಹಾಕಮ್ಮ, ಬೆಂದರೆ ಕೇಳಬೇಡ.”
ಎರಡು ರಾತ್ರಿ ತೂಗಿತು
ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದಿನ ಬೆನ್ನ ಹಿಂದೆ.
ತಂದು ಮೂಗಿಗಿಟ್ಟರೆ
ಬೂಷ್ಟಿಲ್ಲ, ಹೊಗೆಯಿಲ್ಲ,
ಬೆಳಗಿನ ಐದು ಗಂಟೆಯ ಬನ್ನು.
ಫಿಲೋಮಿನಾ ಡ್ಯೂಟಿ ರೂಮಿನಲ್ಲಿ ಹೊದ್ದುಕೊಂಡು
“ಹಸಿವಾಗ್ತಿದೆ ಕಣೇ” ಅಂದು ಮಗ್ಗುಲಾದಳು.
ಅವಳ ಎರಡೂ ತೋಳು ಇನ್ನೂ ಮೇಲೇಳುವುದಿಲ್ಲ,
ಜಡೆ ಹೆಣೆದುಕೊಟ್ಟಿದ್ದು ನಾನು.

ಡೇರೆ ಎರವಲು, ಲ್ಯಾಬಿನ ಮುನೀರ್ ಮಗನದು.
ಕೊಡುವಾಗಲೇ ಹೇಳಿದ್ದ:
“ಒದ್ದೆ ಮಡಚಬೇಡಿ ಆಂಟಿ, ಹಾಳಾಗುತ್ತೆ.”
ಮಡಚಿದೆವು, ಬಿಚ್ಚಿದೆವು, ಮತ್ತೆ ಮಡಚಿದೆವು,
ಬಂದ ಚೀಲದೊಳಗೆ ಅದು ಮರಳಿ ಹೋಗಲಿಲ್ಲ.
ಕೊನೆಗೆ ದಿಂಬಿನ ಕವರಿನಲ್ಲಿ ತುಂಬಿ ಕೊಟ್ಟೆ.
ಹುಡುಗ ಗೂಟ ಎಣಿಸಿದ. ಏಳು.
ಮತ್ತೊಮ್ಮೆ ಎಣಿಸಿದ.
ಎಂಟನೆಯದರ ದುಡ್ಡು ಕೊಡಲು ಹೋದರೆ ಬೇಡವೆಂದ.
“ಜೋರು ಮಳೆ ಬಂತಾ ಆಂಟಿ?”

“ಇಲ್ಲಪ್ಪ, ಸ್ವಲ್ಪ.”