ಹಳದಿ ಗೆರೆಯ ಕೆಳಗೆ

ಉಪ್ಪಿಗೆ ರಜೆಯಿಲ್ಲ.
ಕಾರವಾರದ ಗಾಳಿ ಗುಡ್ಡ ಬಳಸಿ
ಶಿರವಾಡದ ಸ್ಟೇಶನ್ನಿಗೆ ಬರುವ ಹೊತ್ತಿಗೆ
ಅರ್ಧ ಸಮುದ್ರವನ್ನು ಸೆರಗಲ್ಲಿ ಕಟ್ಟಿಕೊಂಡೇ ಬರುತ್ತದೆ.
ಕಂಬದ ಬಣ್ಣ ಮೊದಲು ಹಪ್ಪಳದಂತೆ ಉಬ್ಬುತ್ತದೆ,
ಆಮೇಲೆ ಉದುರುತ್ತದೆ.
ಉದುರಿದ್ದನ್ನು ನಾನು ಗುಡಿಸುತ್ತೇನೆ.
ಹನ್ನೊಂದು ವರ್ಷದಲ್ಲಿ ಎಷ್ಟು ಕಂಬ ಗುಡಿಸಿ ಎಸೆದೆನೋ,
ಚಾವಣಿ ಇನ್ನೂ ನಿಂತಿದೆ. ಆಶ್ಚರ್ಯ.

ಬೋರ್ಡಿಗೆ ಬಣ್ಣ ಬಳಿಯಲು ಬಸ್ತ್ಯಾಂವ ಲೋಬೊ ಬರುತ್ತಾನೆ,
ಎರಡು ಮಳೆಗಾಲಕ್ಕೊಮ್ಮೆ.
ಹಳದಿಯ ಮೇಲೆ ಕಪ್ಪು, ಮೂರು ಲಿಪಿ.
ಕನ್ನಡದ 'ರ' ಬಂದಾಗ ಮಾತ್ರ
ಎರಡೂ ಸಲ ಉಸಿರು ಕಟ್ಟಿ ಸುತ್ತುತ್ತಾನೆ.
"ಚಕ್ಕುಲಿ ಇದ್ದ ಹಾಗೆ ಇದು,
ನಡುವೆ ನಿಲ್ಲಿಸಿದರೆ ಮುರಿಯಿತು" ಅನ್ನುತ್ತಾನೆ.
ನೆಲಕ್ಕೆ ಹನಿ ಬಿದ್ದರೆ ನಾನು ಬೈಯುತ್ತೇನೆ.
ಮೋಟು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು
ಸೀಮೆಎಣ್ಣೆಯ ಚಿಂದಿಯಲ್ಲಿ ತಾನೇ ಒರೆಸುತ್ತಾನೆ.

ರುಕ್ಮಾ ತಾಂಡೇಲಳದು ಬೇರೆ ಕತೆ.
ಬೆಳಗಿನ ಗಾಡಿಗೆ ಮೊದಲು ಅವಳ ಬುಟ್ಟಿ ಬರುತ್ತದೆ,
ಬುಟ್ಟಿಯ ಕೆಳಗೆ ಅವಳು,
ಅವಳ ಹಿಂದೆ ಬಂಗಡೆಯ ನೀರು,
ಟಿಕೆಟ್ ಕಿಟಕಿಯಿಂದ ಮೂರನೇ ಬೆಂಚಿನವರೆಗೆ
ಸ್ಕೇಲಿಟ್ಟು ಎಳೆದಂತೆ.
ನಾನು ಫಿನಾಯಿಲ್ ಹಾಕಿದರೆ ಅವಳು ಮೂಗು ಮುಚ್ಚುತ್ತಾಳೆ:
"ಎಂಥ ವಾಸನೆಯೇ ಇದು, ಮನುಷ್ಯರು ಕೂರುವ ಜಾಗ!"

ಆ ಬೆಂಚಿನ ಹಿಂದಿನ ಗೋಡೆಯಲ್ಲಿ
ತಲೆ ಆನಿಸಿ ಆನಿಸಿ ಆದ ಎಣ್ಣೆಯ ಕಲೆಗಳು.
ಸಾಲಾಗಿ ಐದು. ಒಂದು ಸ್ವಲ್ಪ ಕೆಳಗೆ.
ಸೋಡಾ ಪುಡಿಗೆ ಹೋಗುತ್ತವೆ, ವಾರದಲ್ಲಿ ವಾಪಸ್ಸು.
ಯಾರ ತಲೆ ಅಂತ ಒಮ್ಮೆಯೂ ನೋಡಿಲ್ಲ.
ಗಾಡಿ ಬರುವಾಗ ನಾನು ಸಂಡಾಸು ತೊಳೆಯುತ್ತಿರುತ್ತೇನೆ,
ಹೋದ ಮೇಲೆ, ಬಂದಿದ್ದರ ಗುರುತು ಅಳಿಸಲು ಬರುತ್ತೇನೆ.

ದೊಡ್ಡ ಸಾಹೇಬರ ತಪಾಸಣೆ ಅಂದರೆ ವಾರವಿಡೀ ನಿದ್ದೆಯಿಲ್ಲ.
ಜೇಡರ ಬಲೆ, ಫ್ಯಾನಿನ ರೆಕ್ಕೆ, ನಲ್ಲಿಯ ಬುಡದ ಪಾಚಿ.
ಕಂಟ್ರಾಕ್ಟರ್ ಹೊಸ ಏಪ್ರನ್ ಕೊಟ್ಟ,
ಸಂಜೆ ಎಣಿಸಿ ವಾಪಸು ತೆಗೆದುಕೊಂಡ.
ಸಾಹೇಬರು ಮೆಚ್ಚಿದರಂತೆ.
ಯಾವುದನ್ನು ಅಂತ ಸ್ಟೇಶನ್ ಮಾಸ್ಟರಿಗೂ ಗೊತ್ತಿಲ್ಲ.

ಚೌತಿ ಕಳೆದ ಮೇಲೆ ಒಂದು ದಿನ ಕುಮಟೆಗೆ ಹೋಗಿದ್ದೆ,
ಅಕ್ಕನ ಹಲ್ಲು ಕೀಳಿಸಲಿಕ್ಕೆ.
ಬರುವಾಗ ಗಾಡಿಯನ್ನು ಎರಡನೇ ಪ್ಲಾಟ್‌ಫಾರ್ಮಿಗೆ ಹಾಕಿದರು.
ಸುರಂಗದಿಂದ ಹೊರಬಿದ್ದ ಕಣ್ಣು ಇನ್ನೂ ಬೆಳಕಿಗೆ ಹೊಂದಿರಲಿಲ್ಲ,
ಕಿಟಕಿಯಲ್ಲಿ, ಎದುರಿಗೆ, ನನ್ನ ಒಂದನೇ ಪ್ಲಾಟ್‌ಫಾರ್ಮು.
ಮೇಲೆ ಎಲ್ಲ ಸರಿ. ನೆಲ ಹೊಳೆಯುತ್ತಿತ್ತು,
ನಾನಿಲ್ಲದ ದಿನವೂ.

ಹಳದಿ ಗೆರೆಯ ಕೆಳಗೆ
ಹಳಿಯ ಕಡೆ ತಿರುಗಿ ನಿಂತ ಗೋಡೆ.
ಅದಕ್ಕೂ ಒಂದು ಮುಖವಿದೆ ಅಂತ ಯಾವತ್ತೂ ಹೊಳೆದಿರಲಿಲ್ಲ.
ಉದ್ದಕ್ಕೂ ಎಲೆಯಡಿಕೆಯ ಕೆಂಪು, ಚಹಾದ ಕಂದು,
ನಾನು ಮೇಲಿಂದ ನೂಕಿದ ನೀರು ಇಳಿದಿಳಿದು ಆದ ಕಪ್ಪು ಜಡೆಗಳು,
ಬುಡದಲ್ಲಿ ಮಗುವಿನ ನೀಲಿ ಚಪ್ಪಲಿ ಒಂದೇ,
ಕಲ್ಲಿನ ಸಂದಿಯಲ್ಲಿ ಒಂದು ಜರಿಗಿಡ.
ಹನ್ನೊಂದು ವರ್ಷದ ನನ್ನ ಕೆಲಸ
ಅಲ್ಲಿ ಹೋಗಿ ಕೂತಿತ್ತು.

ಎದುರು ಸೀಟಿನವರು ಬಾಳೆಹಣ್ಣು ಸುಲಿಯುತ್ತ
"ಚೊಕ್ಕ ಸ್ಟೇಶನ್" ಅಂದರು,
ಸಿಪ್ಪೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟರು.
ನಾನು ಮಾತಾಡಲಿಲ್ಲ.
ಅಲ್ಲಿ ನಾನೂ ಪ್ಯಾಸೆಂಜರು.

ಮರುದಿನ ಟ್ರ್ಯಾಕ್‌ಮನ್ ಬೀರಾ ಗೌಡನನ್ನು ಕೇಳಿದೆ,
ಯಾವ ಹೊತ್ತಿಗೆ ಹಳಿ ಖಾಲಿ ಅಂತ.
"ನಿನ್ನ ಕಾಗದದಲ್ಲಿ ಆ ಗೋಡೆ ಇಲ್ಲವಲ್ಲ?"
ಇಲ್ಲ.
ಸ್ವಲ್ಪ ಹೊತ್ತು ಎಲೆ ಜಗಿದ,
ಉಗುಳಲು ಬಗ್ಗಿದವನು ನನ್ನನ್ನು ನೋಡಿ ನುಂಗಿದ.
ಆಮೇಲೆ ಕೆಂಪು ಬಾವುಟ ಹಿಡಿದು
ಸುರಂಗದ ಕಡೆ ಮುಖ ಮಾಡಿ ನಿಂತ.

ಇಳಿದೆ. ಒಂದು ಬಕೆಟ್ಟು, ಉದ್ದ ಹಿಡಿಯ ಬ್ರಶ್ಶು.
ಮೊದಲ ಮೊಳ ಉಜ್ಜುವಾಗಲೇ
ಟಪ್ ಟಪ್ ಅಂತ ತಲೆಗೆ ಬಂಗಡೆಯ ನೀರು.
"ಅಲ್ಲೇನು ಕಳಕೊಂಡೆಯೇ?" ರುಕ್ಮಾ ಬಗ್ಗಿದಳು.
ಬುಟ್ಟಿಯನ್ನು ಆಚೆ ಸರಿಸು ಅಂದೆ.
ಜರಿಗಿಡದ ಸುತ್ತ ಮಾತ್ರ
ಕೈಬೆರಳಲ್ಲಿ ಉಜ್ಜಿದೆ.